ಮುನ್ನೂರು ಮಕ್ಕಳು ನಲವತ್ತನಾಲ್ಕಾಗುವುದು ಹೇಗೆ? ಶಾಲಾ ಮನೋವಿಜ್ಞಾನದ ಪಿಎಚ್‌.ಡಿ. ಕುರಿತು ಓದುಗರ ಪ್ರಶ್ನೆ, ತಜ್ಞರ ಉತ್ತರ

ಶಾಲೆ, ಕಲಿಕೆ ಮತ್ತು ಮಕ್ಕಳ ಮನಸ್ಸಿನ ಬಗ್ಗೆ ಸಂಶೋಧನೆ ಮಾಡಲು ಹೊರಟವರು, ಈಗಾಗಲೇ ಹೊರಟು ಅರ್ಧ ದಾರಿಯಲ್ಲಿ ನಿಂತವರು ಬರೆದ ಪತ್ರಗಳಿಂದ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ಮನೋವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಹೊರದೇಶದಲ್ಲಿ ಪಿಎಚ್‌.ಡಿ. ಮಾಡುವ ಆಸೆಯಿದೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಶಾಲಾ ಮನೋವಿಜ್ಞಾನ, ಇನ್ನು ಕೆಲವೆಡೆ ಶೈಕ್ಷಣಿಕ ಮನೋವಿಜ್ಞಾನ ಎಂದಿದೆ. ಎರಡೂ ಒಂದೇ ಅಲ್ಲವೇ? ಪಿಎಚ್‌.ಡಿ., ಸೈ.ಡಿ. (ಮನೋವಿಜ್ಞಾನದ ಡಾಕ್ಟರೇಟ್), ಎಡ್‌.ಡಿ. (ಶಿಕ್ಷಣದ ಡಾಕ್ಟರೇಟ್) ಎಂಬ ಪದವಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಒಂದೇ ಅಲ್ಲ. ಶೈಕ್ಷಣಿಕ ಮನೋವಿಜ್ಞಾನಿ ಕಲಿಕೆ ಹೇಗೆ ನಡೆಯುತ್ತದೆ ಎಂದು ಕೇಳುತ್ತಾರೆ. ಶಾಲಾ ಮನೋವಿಜ್ಞಾನಿಯ ಮುಂದೆ ಕಲಿಯಲಾಗದೆ ಒದ್ದಾಡುತ್ತಿರುವ ಒಂದು ನಿರ್ದಿಷ್ಟ ಮಗು ಕುಳಿತಿರುತ್ತದೆ. ಎರಡು ಪರಂಪರೆಗಳೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ತೆರೆದ ಚಿಕಿತ್ಸಾಲಯಕ್ಕೆ ಬಂದ ಮೊದಲ ಪ್ರಕರಣವೇ ಕಾಗುಣಿತ ಕೈಹಿಡಿಯದ ಒಬ್ಬ ಹುಡುಗನದು. ಅವನನ್ನು ಕರೆತಂದದ್ದು ಒಬ್ಬ ಶಿಕ್ಷಕಿ. 1913ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಸಿರಿಲ್ ಬರ್ಟ್ ಅವರನ್ನೂ, 1915ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯ ಆರ್ನಾಲ್ಡ್ ಗೆಸೆಲ್ ಅವರನ್ನೂ ಶಾಲಾ ಮಕ್ಕಳ ಪರೀಕ್ಷೆಗೆಂದೇ ನೇಮಿಸಿಕೊಂಡವು. ಇನ್ನೊಂದು ಕಡೆ, ಶೈಕ್ಷಣಿಕ ಮನೋವಿಜ್ಞಾನದಲ್ಲಿ, ಎಡ್ವರ್ಡ್ ಥಾರ್ನ್‌ಡೈಕ್ ಅಳತೆ ಮತ್ತು ಪ್ರಯೋಗಗಳ ದಾರಿ ಹಿಡಿದಿದ್ದರು. ಅಮೆರಿಕದ ಮನೋವಿಜ್ಞಾನ ಸಂಘದಲ್ಲಿ ಇಂದಿಗೂ ಶೈಕ್ಷಣಿಕ ಮನೋವಿಜ್ಞಾನದ್ದು 15ನೆಯ ವಿಭಾಗ, ಶಾಲಾ ಮನೋವಿಜ್ಞಾನದ್ದು 16ನೆಯದು.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಬ್ರಿಟನ್ನಿನಲ್ಲಿ ಶೈಕ್ಷಣಿಕ ಮನೋವಿಜ್ಞಾನಿ ಎಂದರೆ ಶಾಲೆಗಳಿಗೆ ಹೋಗಿ ಮಕ್ಕಳನ್ನು ನೋಡುವ ವೃತ್ತಿಪರರು. ಅದು ಕಾನೂನಿನ ರಕ್ಷಣೆಯಿರುವ ಹೆಸರು. ನೋಂದಣಿ ಇಲ್ಲದವರು ಹಾಗೆ ಕರೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಅದೇ ಕೆಲಸ ಮಾಡುವವರು ಶಾಲಾ ಮನೋವಿಜ್ಞಾನಿಗಳು. ಅಲ್ಲಿ ಶೈಕ್ಷಣಿಕ ಮನೋವಿಜ್ಞಾನದ ಪಿಎಚ್‌.ಡಿ. ಬಹುಮಟ್ಟಿಗೆ ಸಂಶೋಧನೆಯ ಪದವಿ. ಅದನ್ನು ಹಿಡಿದುಕೊಂಡು ಮಕ್ಕಳಿಗೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಲು ಪರವಾನಗಿ ಸಿಗುವುದಿಲ್ಲ. ಆದ್ದರಿಂದ ಕೋರ್ಸಿನ ಹೆಸರನ್ನು ನಂಬಬೇಡಿ. ಮೇಲ್ವಿಚಾರಣೆಯಲ್ಲಿ ನಡೆಯುವ ಪ್ರಾಯೋಗಿಕ ಕೆಲಸ ಎಷ್ಟು ಗಂಟೆ ಎಂದು ನೋಡಿ. ಅಮೆರಿಕದ ಶಾಲಾ ಮನೋವಿಜ್ಞಾನಿಗಳ ರಾಷ್ಟ್ರೀಯ ಸಂಘದ ಮಾನದಂಡದಂತೆ ಡಾಕ್ಟರೇಟ್ ಹಂತದಲ್ಲಿ ಇಂಟರ್ನ್‌ಶಿಪ್ ಕನಿಷ್ಠ 1,500 ಗಂಟೆ. ಸ್ನಾತಕೋತ್ತರ ಪದವಿಗೂ ಡಾಕ್ಟರೇಟಿಗೂ ನಡುವಿನ ಸ್ಪೆಷಲಿಸ್ಟ್ ಪದವಿಗೆ 1,200 ಗಂಟೆ. ಅಲ್ಲಿನ ಶಾಲೆಗಳಲ್ಲಿ ದುಡಿಯುವ ಹೆಚ್ಚಿನವರ ಬಳಿ ಇರುವುದು ಈ ನಡುವಿನ ಪದವಿಯೇ. ಮಕ್ಕಳ ಜೊತೆ ಕೆಲಸ ಮಾಡುವುದಷ್ಟೇ ನಿಮ್ಮ ಗುರಿಯಾಗಿದ್ದರೆ ಐದಾರು ವರ್ಷ ಪಿಎಚ್‌.ಡಿ.ಗೆ ಸುರಿಯುವ ಮುನ್ನ ಇದನ್ನು ಯೋಚಿಸಿ.

ಇನ್ನು ಪದವಿಗಳ ಹೆಸರು. ಅಮೆರಿಕದಲ್ಲಿ ಮನೋವಿಜ್ಞಾನಿಗಳ ತರಬೇತಿ ಕುರಿತು ನಡೆದ 1949ರ ಬೌಲ್ಡರ್ ಸಮ್ಮೇಳನ ವಿಜ್ಞಾನಿಯೂ ವೃತ್ತಿಪರರೂ ಒಬ್ಬರೇ ಆಗಿರಬೇಕು ಎಂದಿತು, ಪಿಎಚ್‌.ಡಿ. ಆ ದಾರಿಯದು. 1973ರ ವೇಲ್ ಸಮ್ಮೇಳನ ವೃತ್ತಿಗೇ ಒತ್ತು ಕೊಡುವ ಸೈ.ಡಿ.ಯಂಥ ಪದವಿಗೆ ಮನ್ನಣೆ ನೀಡಿತು. ಎಡ್‌.ಡಿ. ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಹೆಸರಿಗಿಂತ ಒಳ್ಳೆಯ ಅಳತೆ ಇನ್ನೊಂದಿದೆ: ಆ ವಿಭಾಗದಿಂದ ಈಚಿನ ವರ್ಷಗಳಲ್ಲಿ ಹೊರಬಂದವರು ಈಗ ಎಲ್ಲಿ, ಏನು ಮಾಡುತ್ತಿದ್ದಾರೆ ಎಂದು ಪತ್ರ ಬರೆದು ಕೇಳಿ. ಉತ್ತರ ಕೊಡಲು ಹಿಂಜರಿಯುವ ವಿಭಾಗಕ್ಕೆ ನೀವೂ ಅರ್ಜಿ ಹಾಕಲು ಹಿಂಜರಿಯಬಹುದು.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಬಹಳ ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಈಗ ಪಿಎಚ್‌.ಡಿ.ಗೆ ನೋಂದಾಯಿಸಿಕೊಳ್ಳಬೇಕು. ಎರಡು ವಿಷಯ ಯೋಚಿಸಿದ್ದೇನೆ. ಒಂದು, ‘ಮೊಬೈಲ್ ಬಳಕೆಯು ವಿದ್ಯಾರ್ಥಿಗಳ ಕಲಿಕೆಯ ಮೇಲೆ ಬೀರುವ ಪರಿಣಾಮ’: ಹತ್ತು ಶಾಲೆಗಳಿಂದ ತಲಾ ಮೂವತ್ತರಂತೆ 300 ಮಕ್ಕಳು, ಒಂದು ಪ್ರಶ್ನಾವಳಿ, ವಾರ್ಷಿಕ ಪರೀಕ್ಷೆಯ ಅಂಕಗಳು. ಎರಡು, ಗಣಿತದಲ್ಲಿ ತೀರಾ ಹಿಂದುಳಿದ ಮಕ್ಕಳನ್ನು ಆರಿಸಿ, ವಿಶೇಷ ಪಾಠ ಮಾಡಿ, ಮತ್ತೆ ಪರೀಕ್ಷೆ ಕೊಟ್ಟು ಪ್ರಗತಿ ತೋರಿಸುವುದು. ಯಾವುದು ಉತ್ತಮ?

ಉತ್ತರ: ಈಗಿರುವ ರೂಪದಲ್ಲಿ ಎರಡೂ ಬೇಡ. ಬೇಸರಿಸಬೇಡಿ, ಯಾಕೆ ಬೇಡ ಎಂಬುದರಲ್ಲೇ ಸಂಶೋಧನಾ ತರಬೇತಿಯ ಅರ್ಧ ಭಾಗ ಅಡಗಿದೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದರ ಶೀರ್ಷಿಕೆಯಲ್ಲೇ ‘ಪರಿಣಾಮ’ ಎಂದು ಬರೆದಿದ್ದೀರಿ. ನಿಮ್ಮ ಕೈಗೆ ಬರುವುದು ಸಹಸಂಬಂಧ ಮಾತ್ರ. ಮೊಬೈಲ್ ಹೆಚ್ಚು ನೋಡಿದ್ದರಿಂದ ಅಂಕ ಕಡಿಮೆಯಾಯಿತೋ, ಪಾಠ ಅರ್ಥವಾಗದೆ ಬೇಸತ್ತ ಮಗು ಮೊಬೈಲಿಗೆ ಅಂಟಿಕೊಂಡಿತೋ, ಅಥವಾ ಮನೆಯಲ್ಲಿ ವಿಚಾರಿಸುವ ಹಿರಿಯರಿಲ್ಲದ್ದೇ ಎರಡಕ್ಕೂ ಕಾರಣವೋ, ನಿಮ್ಮ ಪ್ರಶ್ನಾವಳಿ ಹೇಳಲಾರದು. ಮೇಲಾಗಿ ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತೀಯ ಎಂದು ಶಿಕ್ಷಕರು ಕೇಳಿದರೆ ಮಗು ಕೊಡುವ ಉತ್ತರ ಎಂಥದ್ದಿರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ನಿಮ್ಮ 300ರ ವಿಚಾರ. ಒಂದೇ ಶಾಲೆಯ ಮಕ್ಕಳು ಪರಸ್ಪರ ಹೋಲುತ್ತಾರೆ. ಅದೇ ಶಿಕ್ಷಕರು, ಅದೇ ವಾತಾವರಣ, ಒಂದೇ ಬಗೆಯ ಕುಟುಂಬಗಳು. ಒಬ್ಬನ ಅಂಕ ತಿಳಿದರೆ ಪಕ್ಕದವನದ್ದು ಸ್ವಲ್ಪಮಟ್ಟಿಗೆ ಊಹಿಸಬಹುದು. ಹಾಗಾದರೆ ಮೂವತ್ತನೆಯ ಮಗು ಕೊಡುವ ಹೊಸ ಮಾಹಿತಿ ಮೊದಲನೆಯ ಮಗು ಕೊಟ್ಟಷ್ಟು ಇರುವುದಿಲ್ಲ. ಈ ಹೋಲಿಕೆಯನ್ನು ಅಳೆಯುವ ಸಂಖ್ಯೆಗೆ ಅಂತರ್‌ವರ್ಗ ಸಹಸಂಬಂಧ ಎಂದು ಹೆಸರು. ಪರೀಕ್ಷಾ ಅಂಕಗಳಲ್ಲಿ ಅದು 0.2ರ ಆಸುಪಾಸಿನಲ್ಲಿರುವುದು ಅಪರೂಪವೇನಲ್ಲ. ಲೆಕ್ಕ ಸುಲಭ: ಶಾಲೆಗೆ 30 ಮಕ್ಕಳಿದ್ದರೆ, 30ರಿಂದ ಒಂದನ್ನು ಕಳೆದು, 0.2ರಿಂದ ಗುಣಿಸಿ, ಒಂದನ್ನು ಕೂಡಿಸಿ. 6.8 ಬರುತ್ತದೆ. 300ನ್ನು ಅದರಿಂದ ಭಾಗಿಸಿ. ಶಾಲೆಗಳ ಸರಾಸರಿ ಅಂಕವನ್ನು ಅಂದಾಜು ಮಾಡುವ ಮಟ್ಟಿಗೆ ನಿಮ್ಮ ಮುನ್ನೂರು ಮಕ್ಕಳು ಸುಮಾರು 44 ಮಕ್ಕಳಿಗೆ ಸಮ! ಇದನ್ನು ಮರೆತು ಮುನ್ನೂರೂ ಬಿಡಿಬಿಡಿ ಎಂಬಂತೆ ವಿಶ್ಲೇಷಿಸಿದರೆ ಇಲ್ಲದ ವ್ಯತ್ಯಾಸಗಳೂ ಇರುವಂತೆ ಕಾಣತೊಡಗುತ್ತವೆ. ಬಹುಹಂತ ಮಾದರಿ ಎಂಬ ಸಂಖ್ಯಾಶಾಸ್ತ್ರೀಯ ವಿಧಾನ ಇರುವುದು ಇದಕ್ಕಾಗಿಯೇ. ಶಾಲೆಯಲ್ಲಿ ಸಂಶೋಧನೆ ಮಾಡುವವರು ಬೇರೆ ಏನನ್ನು ಕಲಿಯದಿದ್ದರೂ ಇದನ್ನು ಕಲಿಯಬೇಕು. ಹತ್ತೇ ಶಾಲೆಗಳಿದ್ದರೆ ಆ ವಿಧಾನವೂ ತಿಣುಕುತ್ತದೆ, ಅದು ಬೇರೆ ಮಾತು.

ಎರಡನೆಯ ವಿಷಯ ನೋಡಲು ಆಕರ್ಷಕ. ಅದಕ್ಕೇ ಹೆಚ್ಚು ಅಪಾಯಕಾರಿ. ಯಾವ ಪರೀಕ್ಷೆಯಲ್ಲೂ ಅದೃಷ್ಟದ ಪಾಲು ಇರುತ್ತದೆ. ತೀರಾ ಕಡಿಮೆ ಅಂಕ ಪಡೆದವರ ಗುಂಪಿನಲ್ಲಿ ನಿಜವಾಗಿ ಹಿಂದುಳಿದವರ ಜೊತೆಗೆ ಅಂದು ತಲೆನೋವಿದ್ದವರು, ಕೊನೆಯ ಪುಟ ತಿರುಗಿಸಲು ಮರೆತವರು ಕೂಡ ಸೇರಿರುತ್ತಾರೆ. ಮರುಪರೀಕ್ಷೆಯಲ್ಲಿ ಅವರು ತಾವಾಗಿ ಮೇಲೆ ಬರುತ್ತಾರೆ. ಪರೀಕ್ಷೆಯ ವಿಶ್ವಾಸಾರ್ಹತೆ (ಮಕ್ಕಳ ಅಂಕಗಳ ವ್ಯತ್ಯಾಸದಲ್ಲಿ ಅದೃಷ್ಟದ್ದಲ್ಲದ ಪಾಲು) 0.8 ಇದ್ದು, ನೀವು ಆರಿಸಿದ ಮಕ್ಕಳ ಸರಾಸರಿ ತರಗತಿಯ ಸರಾಸರಿಗಿಂತ 20 ಅಂಕ ಕಡಿಮೆ ಇದ್ದರೆ, ನೀವು ಏನನ್ನೂ ಮಾಡದೆ ಸುಮ್ಮನೆ ಕುಳಿತರೂ ಮುಂದಿನ ಸಲ ಅಂತರ ಸುಮಾರು 16ಕ್ಕೆ ಇಳಿಯುವ ನಿರೀಕ್ಷೆ ಇರುತ್ತದೆ. ಈ ನಾಲ್ಕು ಅಂಕಗಳನ್ನು ವಿಶೇಷ ಪಾಠದ ಖಾತೆಗೆ ಹಾಕಿ ಡಾಕ್ಟರೇಟ್ ಪಡೆದವರು ಜಗತ್ತಿನಲ್ಲಿ ಕಡಿಮೆಯೇನಿಲ್ಲ ಎಂಬುದು ನನ್ನ ಗುಮಾನಿ. ಹೋಲಿಕೆಗೆ ಅಷ್ಟೇ ಹಿಂದುಳಿದ, ಪಾಠ ಪಡೆಯದ ಇನ್ನೊಂದು ಗುಂಪು ಇರಲೇಬೇಕು.

ಹಾಗಾದರೆ ಏನು ಮಾಡಬಹುದು? ನಿಮ್ಮ ಬಳಿ ಉಳಿದ ಸಂಶೋಧನಾರ್ಥಿಗಳಿಗೆ ಇಲ್ಲದ ಒಂದು ಆಸ್ತಿ ಇದೆ: ಮಕ್ಕಳು ಎಲ್ಲಿ, ಹೇಗೆ ತಪ್ಪುತ್ತಾರೆ ಎಂಬ ತಿಳಿವಳಿಕೆ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಲು ಹೇಳಿದರೆ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ 2/5 ಎಂದು ಬರೆಯುವ ಮಕ್ಕಳನ್ನು ನೀವು ಪ್ರತಿ ವರ್ಷ ನೋಡಿರುತ್ತೀರಿ. ಅರ್ಧಕ್ಕೆ ಏನನ್ನೋ ಕೂಡಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆಯಾದದ್ದು ಅವರಿಗೆ ಯಾಕೆ ಹೊಳೆಯುವುದಿಲ್ಲ? ಸರಿಯುತ್ತರವನ್ನು ಮಾತ್ರ ವಿವರಿಸುವುದಕ್ಕಿಂತ, ತಪ್ಪು ಉತ್ತರ ಏಕೆ ತಪ್ಪು ಎಂಬುದನ್ನೂ ಮಕ್ಕಳೇ ವಿವರಿಸುವಂತೆ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂದು ರಾಬರ್ಟ್ ಸೀಗ್ಲರ್ ಅವರ ಪ್ರಯೋಗಗಳು ತೋರಿಸಿದ್ದವು. ಅದನ್ನು ಭಿನ್ನರಾಶಿಗೆ ಅನ್ವಯಿಸಿ ಎರಡು ಬಗೆಯ ಅಭ್ಯಾಸ ಹಾಳೆಗಳನ್ನು ಸಿದ್ಧಪಡಿಸಬಹುದು. ಹಾಳೆಗಳಾದ್ದರಿಂದ ಒಂದೇ ತರಗತಿಯಲ್ಲಿ ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಒಂದು ಬಗೆ, ಉಳಿದರ್ಧಕ್ಕೆ ಇನ್ನೊಂದು ಬಗೆ ಹಂಚಬಹುದು. ಆಗ ಶಾಲೆ, ಶಿಕ್ಷಕರು ಎರಡೂ ಗುಂಪಿಗೆ ಸಮಾನ. ಮೇಲೆ ಹೇಳಿದ 44ರ ತೊಡಕು ಬಹಳಷ್ಟು ಸಡಿಲವಾಗುತ್ತದೆ. ಶಾಲೆಯ ವೇಳಾಪಟ್ಟಿಗೂ ತೊಂದರೆಯಿಲ್ಲ, ಮುಖ್ಯೋಪಾಧ್ಯಾಯರು ಬೇಗ ಒಪ್ಪುತ್ತಾರೆ.

ವಿಷಯ ತೀರಾ ಚಿಕ್ಕದಾಯಿತು ಎಂದು ಯಾರಾದರೂ ಮೂಗು ಮುರಿಯಬಹುದು. ‘ಮೊಬೈಲ್ ಮತ್ತು ಕಲಿಕೆ’ ಎಂಬುದು ಕೇಳಲು ದೊಡ್ಡದು, ಆದರೆ ಅದಕ್ಕೆ ಒಬ್ಬ ವ್ಯಕ್ತಿ, ಸೀಮಿತ ವರ್ಷಗಳಲ್ಲಿ ಉತ್ತರ ಕೊಡಲಾರರು. ಭಿನ್ನರಾಶಿಯ ಪ್ರಶ್ನೆಗೆ ನೀವು ಕೊಡಬಲ್ಲಿರಿ.

ಪ್ರಶ್ನೆ: ನನಗೆ ಗಣಿತ ಎಂದರೆ ಭಯ. ಈ ಕ್ಷೇತ್ರದಲ್ಲಿ ಪಿಎಚ್‌.ಡಿ. ಸಾಧ್ಯವೇ?

ಉತ್ತರ: ಸಾಧ್ಯ. ಇಲ್ಲಿ ಬೇಕಾಗುವುದು ಗಣಿತದ ಜಾಣತನಕ್ಕಿಂತ ಸಂಖ್ಯೆಗಳ ಬಗ್ಗೆ ಸಂಶಯಪಡುವ ಗುಣ. ‘ಆರ್’ ಎಂಬ ಉಚಿತ ತಂತ್ರಾಂಶವನ್ನು ಮೊದಲ ವರ್ಷದಲ್ಲೇ ಕಲಿಯಲು ಆರಂಭಿಸಿ. ಹಣ ಕೊಟ್ಟು ವಿಶ್ಲೇಷಣೆ ಮಾಡಿಸಿಕೊಂಡವರು ಮೌಖಿಕ ಪರೀಕ್ಷೆಯಲ್ಲಿ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಓದಿನ ತೊಂದರೆ ಗುರುತಿಸುವ ಒಂದು ಇಂಗ್ಲಿಷ್ ಪರೀಕ್ಷೆಯನ್ನು ಕನ್ನಡಕ್ಕೆ ತಂದು ಬಳಸಲಿದ್ದೇನೆ. ಒಬ್ಬರು ಕನ್ನಡಕ್ಕೆ, ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ಅನುವಾದ ಮಾಡಿದರೆ ಸಾಕು ಎನ್ನುತ್ತಾರೆ ಮಾರ್ಗದರ್ಶಕರು. ಸಾಕೇ?

ಉತ್ತರ: ಮನೋಭಾವ ಕೇಳುವ ಪ್ರಶ್ನಾವಳಿಗೆ ಅದು ಒಳ್ಳೆಯ ಆರಂಭ. ಓದಿನ ಪರೀಕ್ಷೆಗೆ ಆರಂಭವೂ ಅಲ್ಲ. ಇಂಗ್ಲಿಷ್ ಓದುವ ಮಗು ಒಂದೊಂದು ಅಕ್ಷರಕ್ಕೆ ಒಂದೊಂದು ಧ್ವನಿಯನ್ನು ಹೊಂದಿಸಲು ಹೆಣಗುತ್ತದೆ. ಅದಕ್ಕೇ ಅಲ್ಲಿ ಪದದಿಂದ ಒಂದು ಧ್ವನಿ ತೆಗೆದು ಉಳಿದದ್ದನ್ನು ಹೇಳಿಸುವ ಪರೀಕ್ಷೆಗೆ ಅಷ್ಟು ಬೆಲೆ. ಕನ್ನಡದ ಮಗುವಿನ ಕಷ್ಟದ ಜಾಗ ಬೇರೆ: ಗುಣಿತಾಕ್ಷರಗಳು, ಒತ್ತಕ್ಷರಗಳು, ನೂರಾರು ರೂಪಗಳು. ಕನ್ನಡ ಓದು ಕಲಿಯುವ ಮಕ್ಕಳ ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅಕ್ಷರಗಳ ಪೂರ್ಣ ಹಿಡಿತ ಮೊದಲ ತರಗತಿಯಾಚೆಗೂ ವರ್ಷಗಟ್ಟಲೆ ಮುಂದುವರಿಯುತ್ತದೆ. ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಮೂಡುತ್ತದೆ. ಇಂಗ್ಲಿಷ್ ಪರೀಕ್ಷೆಯ ಅಳತೆಗೋಲು ಹಿಡಿದರೆ ಆರೋಗ್ಯವಾಗಿ ಕಲಿಯುತ್ತಿರುವ ಎರಡನೆಯ ತರಗತಿಯ ಮಗುವಿಗೂ ಡಿಸ್ಲೆಕ್ಸಿಯಾದ ಹಣೆಪಟ್ಟಿ ಬೀಳಬಹುದು.

ಆದ್ದರಿಂದ ಪರೀಕ್ಷೆಯ ಉದ್ದೇಶವನ್ನು ಇಟ್ಟುಕೊಂಡು ಅದರ ಪ್ರಶ್ನೆಗಳನ್ನು ಹೊಸದಾಗಿ ರಚಿಸಬೇಕು. ಸಣ್ಣ ಗುಂಪಿನ ಮೇಲೆ ಪ್ರಯೋಗಿಸಿ, ಮಕ್ಕಳು ಯೋಚಿಸುವುದನ್ನು ಬಾಯಿಬಿಟ್ಟು ಹೇಳಿಸಿ, ಸೂಚನೆಗಳು ಅವರಿಗೆ ಅರ್ಥವಾಗಿವೆಯೇ ನೋಡಬೇಕು. ಅಂತರರಾಷ್ಟ್ರೀಯ ಪರೀಕ್ಷಾ ಆಯೋಗದ ಹೊಂದಾಣಿಕೆ ಮಾರ್ಗಸೂಚಿಗಳನ್ನು ಒಮ್ಮೆ ಪೂರ್ತಿ ಓದಿ. ಹಕ್ಕುಸ್ವಾಮ್ಯ ಇರುವವರ ಲಿಖಿತ ಅನುಮತಿ ಪಡೆಯುವುದು ಅವುಗಳ ಮೊದಲ ಮಾತುಗಳಲ್ಲೊಂದು. ಹಳೆಯ ಪರೀಕ್ಷೆಗಳ ಮಾನದಂಡ ಕೋಷ್ಟಕಗಳನ್ನು (ಯಾವ ವಯಸ್ಸಿಗೆ ಎಷ್ಟು ಅಂಕ ಸಾಮಾನ್ಯ ಎಂದು ಹೇಳುವ ಪಟ್ಟಿಗಳನ್ನು) ಎತ್ತಿಕೊಳ್ಳುವ ಚಾಳಿಯನ್ನೂ ಬಿಡಿ. ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಅಂಕಗಳು ಇಪ್ಪತ್ತನೆಯ ಶತಮಾನದುದ್ದಕ್ಕೂ ಹತ್ತು ವರ್ಷಕ್ಕೆ ಸುಮಾರು ಮೂರರಂತೆ ಏರಿದ್ದನ್ನು ಜೇಮ್ಸ್ ಫ್ಲಿನ್ ತೋರಿಸಿದರು. ಮೂವತ್ತು ವರ್ಷ ಹಳೆಯ ಕೋಷ್ಟಕ ಇಂದಿನ ಮಗುವನ್ನು ಇದ್ದದ್ದಕ್ಕಿಂತ ಜಾಣನನ್ನಾಗಿ ತೋರಿಸಬಲ್ಲದು, ಸಹಾಯ ಬೇಕಾದವನಿಗೆ ಸಹಾಯ ತಪ್ಪಿಸಬಲ್ಲದು. ಇಷ್ಟೆಲ್ಲ ಮಾಡಿದರೆ ಪರೀಕ್ಷೆ ರೂಪಿಸುವುದೇ ಒಂದು ಪಿಎಚ್‌.ಡಿ. ಆಗಿಬಿಡುತ್ತದಲ್ಲ ಎನ್ನುತ್ತೀರಾ? ಹೌದು, ಆಗುತ್ತದೆ. ಅದನ್ನೇ ಮಾಡಿ.

ಪ್ರಶ್ನೆ: ಸಂಶೋಧನೆಯ ಮೂರನೆಯ ವರ್ಷ. ಎಂಟು ವಾರಗಳ ಓದಿನ ಕಾರ್ಯಕ್ರಮವನ್ನು 40 ಮಕ್ಕಳಿಗೆ ಕೊಟ್ಟು, ಕೊಡದ 40 ಮಕ್ಕಳೊಂದಿಗೆ ಹೋಲಿಸಿದೆ. ವ್ಯತ್ಯಾಸ ಬರಲಿಲ್ಲ. ‘ಹುಡುಗಿಯರನ್ನು ಬೇರೆ ಮಾಡಿ ನೋಡು, ಆರನೆಯ ತರಗತಿಯನ್ನು ಬಿಟ್ಟು ನೋಡು, ಏನಾದರೂ ಸಿಗುತ್ತದೆ’ ಎನ್ನುತ್ತಾರೆ ಮಾರ್ಗದರ್ಶಕರು. ಅಲ್ಲದೆ ಸಂಶೋಧನಾ ಪತ್ರಿಕೆಗೆ ಕಳುಹಿಸುವ ಪ್ರಬಂಧದಲ್ಲಿ ಅವರ ಹೆಸರೇ ಮೊದಲು ಬರಬೇಕಂತೆ. ದಿಕ್ಕು ತೋಚುತ್ತಿಲ್ಲ.

ಉತ್ತರ: ಅವರು ಹೇಳಿದ್ದು ನಿಜ, ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಅದೇ ಸಮಸ್ಯೆ. ಶೇ 5ರ ಮಟ್ಟದಲ್ಲಿ (ಪರಿಣಾಮವೇ ಇಲ್ಲದಾಗಲೂ ನೂರರಲ್ಲಿ ಐದು ಬಾರಿ ‘ಇದೆ’ ಎಂದು ತಪ್ಪಾಗಿ ಹೇಳುವ ಮಟ್ಟ) ಇಪ್ಪತ್ತು ಬೇರೆ ಬೇರೆ ಹೋಲಿಕೆ ಮಾಡಿದರೆ, ಕಾರ್ಯಕ್ರಮ ಪೂರ್ತಿ ನಿಷ್ಪ್ರಯೋಜಕವಾಗಿದ್ದರೂ, ಒಂದಾದರೂ ‘ಗಣನೀಯ’ ಫಲಿತಾಂಶ ಸಿಗುವ ಸಾಧ್ಯತೆ ಸುಮಾರು ಶೇ 64. ಉಪಗುಂಪುಗಳನ್ನು ನೋಡಲೇಬೇಡಿ ಎನ್ನುತ್ತಿಲ್ಲ. ನೋಡಿದ್ದನ್ನೆಲ್ಲ, ಸಿಗದಿದ್ದದ್ದನ್ನೂ ಸೇರಿಸಿ, ‘ಇದು ಮೊದಲೇ ಯೋಜಿಸಿರದ ಹುಡುಕಾಟ’ ಎಂದು ಹೆಸರಿಸಿ ಬರೆಯಿರಿ.

ಮುಖ್ಯ ಫಲಿತಾಂಶಕ್ಕೆ ಬರೋಣ. ಗುಂಪಿಗೆ 40 ಮಕ್ಕಳಿದ್ದರೆ, ಪರಿಣಾಮದ ಗಾತ್ರ ಪ್ರಮಾಣಿತ ವಿಚಲನೆಯ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯ) ಸುಮಾರು 0.63ರಷ್ಟು ಇದ್ದಾಗ ಮಾತ್ರ ಅದನ್ನು ಐದರಲ್ಲಿ ನಾಲ್ಕು ಬಾರಿಯಾದರೂ ಹಿಡಿಯಬಹುದು. ಶಾಲೆಯಲ್ಲಿ ನಿಜವಾಗಿ ಸಿಗುವ ಪರಿಣಾಮಗಳು ಸಾಮಾನ್ಯವಾಗಿ ಅದಕ್ಕಿಂತ ಬಹಳ ಚಿಕ್ಕವು. ಸಾಮರ್ಥ್ಯ ಬೆಳೆಸಿಕೊಳ್ಳಬಹುದು ಎಂಬ ಮನೋಭಾವ ಮೂಡಿಸುವ ಒಂದು ಕಿರು ಪಾಠವನ್ನು ಅಮೆರಿಕದಾದ್ಯಂತ 9ನೆಯ ತರಗತಿಯ 12,000ಕ್ಕೂ ಹೆಚ್ಚು ಮಕ್ಕಳ ಮೇಲೆ ಪರೀಕ್ಷಿಸಿದ ಸಂಶೋಧಕರು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶ್ಲೇಷಣೆಯ ಯೋಜನೆಯನ್ನು ಮೊದಲೇ ನೋಂದಾಯಿಸಿದ್ದರು. ಕಲಿಕೆಯಲ್ಲಿ ಹಿಂದಿದ್ದ ಮಕ್ಕಳ ಗ್ರೇಡ್ ಸರಾಸರಿ ಏರಿದ್ದು ಸುಮಾರು 0.1 ಅಂಶ. ಒಂದು ಗಂಟೆಗೂ ಕಡಿಮೆ ಹೊತ್ತಿನ ಪಾಠಕ್ಕೆ ಅದು ಒಳ್ಳೆಯ ಫಲವೇ. ಆದರೆ 80 ಮಕ್ಕಳಲ್ಲಿ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಆದ್ದರಿಂದ ‘ಪರಿಣಾಮ ಇಲ್ಲ’ ಎಂದು ಬರೆಯಬೇಡಿ. ವಿಶ್ವಾಸಾಂತರವನ್ನು ಕೊಟ್ಟು, ಇಷ್ಟರಿಂದ ಇಷ್ಟರವರೆಗಿನ ಯಾವ ಪರಿಣಾಮವೂ ಈ ದತ್ತಾಂಶಕ್ಕೆ ಹೊಂದುತ್ತದೆ ಎಂದು ಬರೆಯಿರಿ. ಜೊತೆಗೆ, ಕಾರ್ಯಕ್ರಮ ಯೋಜಿಸಿದಂತೆ ನಡೆಯಿತೇ? ಎಷ್ಟು ಅವಧಿಗಳು ಪರೀಕ್ಷೆ, ಕ್ರೀಡಾಕೂಟ, ರಜೆಗೆ ಬಲಿಯಾದವು? ಯಾವ ಮಗು ಎಷ್ಟು ದಿನ ಹಾಜರಿತ್ತು? ಈ ಟಿಪ್ಪಣಿ ನಿಮ್ಮ ಬಳಿ ಇದ್ದರೆ ನಿಮ್ಮ ಮಹಾಪ್ರಬಂಧದ ಅತ್ಯಂತ ಉಪಯುಕ್ತ ಅಧ್ಯಾಯ ಅದೇ.

ಇಂಥ ಫಲಿತಾಂಶವನ್ನು ಪರೀಕ್ಷಕರು ಒಪ್ಪುವುದಿಲ್ಲ ಎಂಬ ಭಯ ಇದೆಯಲ್ಲ, ಅದರ ಬೇರು ಆಳದಲ್ಲಿದೆ. ಶಿಕ್ಷಣ ಕ್ಷೇತ್ರದ ನೂರು ಪ್ರಮುಖ ನಿಯತಕಾಲಿಕಗಳನ್ನು ಜಾಲಾಡಿದ ಮೇಕಲ್ ಮತ್ತು ಪ್ಲಕರ್ 2014ರಲ್ಲಿ ವರದಿ ಮಾಡಿದಂತೆ, ಹಿಂದಿನ ಅಧ್ಯಯನವನ್ನು ಮರಳಿ ಮಾಡಿ ನೋಡಿದ ಲೇಖನಗಳು ಶೇ 0.13 ಮಾತ್ರ. ಹೊಸದಕ್ಕೆ ಇಷ್ಟೊಂದು ಹಸಿದ ಕ್ಷೇತ್ರದಲ್ಲಿ ನಿಮ್ಮ ಮಾರ್ಗದರ್ಶಕರ ಆತಂಕ ಅರ್ಥವಾಗುತ್ತದೆ, ಸಮರ್ಥನೀಯವಲ್ಲ. ಈಗ ಕೆಲವು ಪತ್ರಿಕೆಗಳು ದತ್ತಾಂಶ ಸಂಗ್ರಹಕ್ಕೆ ಮೊದಲೇ ಯೋಜನೆಯನ್ನು ಪರಿಶೀಲಿಸಿ, ಫಲಿತಾಂಶ ಏನೇ ಬಂದರೂ ಪ್ರಕಟಿಸುವುದಾಗಿ ಒಪ್ಪಿಕೊಳ್ಳುತ್ತವೆ. ನಿಮಗಿದು ತಡವಾಯಿತು, ಈಗಷ್ಟೇ ನೋಂದಾಯಿಸುತ್ತಿರುವ ಗೆಳೆಯರಿಗೆ ಹೇಳಿ.

ಹೆಸರಿನ ವಿಚಾರದಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ನೀತಿಸಂಹಿತೆ ಸ್ಪಷ್ಟವಾಗಿದೆ: ಮುಖ್ಯವಾಗಿ ವಿದ್ಯಾರ್ಥಿಯ ಡಾಕ್ಟರೇಟ್ ಸಂಶೋಧನೆಯನ್ನೇ ಆಧರಿಸಿದ ಬಹುಲೇಖಕರ ಪ್ರಬಂಧದಲ್ಲಿ, ಅಸಾಧಾರಣ ಸಂದರ್ಭಗಳನ್ನು ಬಿಟ್ಟರೆ, ವಿದ್ಯಾರ್ಥಿಯೇ ಮೊದಲ ಲೇಖಕ. ಆ ಸಂಹಿತೆ ನಿಮ್ಮ ವಿಶ್ವವಿದ್ಯಾಲಯವನ್ನು ಕಟ್ಟಿಹಾಕದಿರಬಹುದು. ಆದರೆ ಎದುರು ಮಾತಾಡದೆ, ‘ಈ ನಿಯಮವನ್ನು ನಾವೂ ಅನುಸರಿಸಬಹುದೇ ಸರ್’ ಎಂದು ವಿಭಾಗದ ಸಭೆಯ ಮುಂದೆ ಲಿಖಿತವಾಗಿ ಇಡಲು ಒಂದು ಆಧಾರವಾಗುತ್ತದೆ. ಒಬ್ಬರೇ ಹೋಗಬೇಡಿ, ಇದೇ ಕಷ್ಟದಲ್ಲಿರುವ ಸಹಪಾಠಿಗಳು ಇದ್ದೇ ಇರುತ್ತಾರೆ.

ಪ್ರಶ್ನೆ: ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಲ್ಲಿ ಖಿನ್ನತೆಯ ಬಗ್ಗೆ ಪ್ರಶ್ನಾವಳಿ ಕೊಡಲಿದ್ದೇನೆ. ಮುಖ್ಯೋಪಾಧ್ಯಾಯಿನಿ ಸಹಿ ಹಾಕಿದ್ದಾರೆ. ಇಷ್ಟು ಸಾಲದೇ? ಸಾಯುವ ಯೋಚನೆ ಬಂದಿತ್ತೇ ಎಂಬ ಪ್ರಶ್ನೆಯೂ ಅದರಲ್ಲಿದೆ.

ಉತ್ತರ: ಸಾಲದು. ಶಾಲೆಯ ಅನುಮತಿ ನಿಮ್ಮನ್ನು ಗೇಟಿನೊಳಗೆ ಬಿಡುತ್ತದೆ, ಅಷ್ಟೆ. ಪೋಷಕರ ಸಮ್ಮತಿ ಬೇರೆ, ಮಗುವಿನ ಒಪ್ಪಿಗೆ ಬೇರೆ. ಅಪ್ಪ ಸಹಿ ಹಾಕಿದ್ದರೂ ಮಗು ಬೇಡ ಎಂದರೆ ಬೇಡವೇ. ತರಗತಿಯಲ್ಲಿ ಎಲ್ಲರೂ ಬರೆಯುತ್ತಿರುವಾಗ ಒಂದು ಮಗು ಎದ್ದುಹೋಗುವುದು ಕಷ್ಟ. ಹಾಗಾಗಿ ಬರೆಯಲು ಇಷ್ಟವಿಲ್ಲದವರಿಗೆ ಅದೇ ಹೊತ್ತಿನಲ್ಲಿ ತುಂಬಲು ಬೇರೊಂದು ಹಾಳೆ, ಪದಬಂಧವೋ ಚಿತ್ರವೋ, ಕೊಡಿ. ಯಾರು ಯಾವುದನ್ನು ತುಂಬಿದರು ಎಂಬುದು ಪಕ್ಕದವರಿಗೆ ತಿಳಿಯಬಾರದು. ಶಿಕ್ಷಕರು ಆ ಹೊತ್ತಿನಲ್ಲಿ ಮಕ್ಕಳ ಹಿಂದೆ ಓಡಾಡಬಾರದು.

ಆ ಪ್ರಶ್ನೆಯ ವಿಷಯಕ್ಕೆ ಬಂದರೆ, ಅದನ್ನು ಕೇಳಿದರೆ ಮಕ್ಕಳ ತಲೆಗೆ ಆ ಯೋಚನೆ ತುಂಬಿದಂತಾಗುತ್ತದೆ ಎಂಬ ಹೆದರಿಕೆಗೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಪಾಯ ಇರುವುದು ಕೇಳಿ ಸುಮ್ಮನಿರುವುದರಲ್ಲಿ. ಒಂದು ಮಗು ‘ಹೌದು’ ಎಂದು ಗುರುತು ಹಾಕಿದ ಹಾಳೆ ನಿಮ್ಮ ಚೀಲದಲ್ಲಿ ದತ್ತಾಂಶ ನಮೂದಿಸುವ ದಿನದವರೆಗೆ ಮಲಗಿರಬಾರದು. ಉತ್ತರಗಳನ್ನು ಅಂದೇ, ಶಾಲೆ ಬಿಡುವ ಮುನ್ನವೇ ನೋಡಬೇಕು. ಅದಕ್ಕಾಗಿ ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ, ಸಂಖ್ಯೆ ಯಾರದ್ದೆಂಬ ಪಟ್ಟಿಯನ್ನು ಬೇರೆ ಕಡೆ ಬೀಗ ಹಾಕಿಡಿ. ಪೂರ್ತಿ ಅನಾಮಿಕವಾಗಿಸಿದರೆ ಸಹಾಯ ಮಾಡಲು ಮಗುವನ್ನು ಗುರುತಿಸಲಾಗದು. ‘ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ; ನಿನಗೆ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡಬಲ್ಲ ಹಿರಿಯರಿಗೆ ತಿಳಿಸುತ್ತೇನೆ ಎಂದು ಮೊದಲೇ, ಮಗುವಿಗೆ ಅರ್ಥವಾಗುವಂತೆ ಹೇಳಿ. ಅಂಥ ಮಗುವಿನೊಂದಿಗೆ ಅಂದೇ ಮಾತಾಡಬಲ್ಲ ತರಬೇತಾದ ಆಪ್ತಸಮಾಲೋಚಕರು ಯಾರು, ಅವರಿಂದ ಮುಂದೆ ಯಾವ ವೈದ್ಯರ ಬಳಿ ಕಳುಹಿಸಬೇಕು, ಪೋಷಕರಿಗೆ ಯಾರು ಹೇಗೆ ತಿಳಿಸುತ್ತಾರೆ ಎಂಬುದನ್ನು ನೈತಿಕತೆ ಸಮಿತಿಗೆ ಕೊಡುವ ಅರ್ಜಿಯಲ್ಲೇ ಬರೆಯಿರಿ. ನೀವೇ ಆಪ್ತಸಮಾಲೋಚನೆಗೆ ಇಳಿಯಬೇಡಿ. ನಿಮಗೆ ತರಬೇತಿ ಇದ್ದರೂ ಆ ದಿನ ನೀವು ಸಂಶೋಧಕರು.

ಈ ಏರ್ಪಾಟು ಸಾಧ್ಯವೇ ಇಲ್ಲವಾದರೆ ಆ ಪ್ರಶ್ನೆಯನ್ನು ಕೈಬಿಡಿ. ಪ್ರಶ್ನಾವಳಿ ಅದರಿಂದ ಕೆಟ್ಟುಹೋಗುವುದಿಲ್ಲ. ಖಿನ್ನತೆ ಅಳೆಯಲು ವ್ಯಾಪಕವಾಗಿ ಬಳಸುವ ಪಿಎಚ್‌ಕ್ಯೂ-9ರಲ್ಲಿ ಒಂಬತ್ತನೆಯದು ಇದೇ ಪ್ರಶ್ನೆ. ಉತ್ತರ ಬಂದ ಕೂಡಲೇ ನೆರವಿಗೆ ಧಾವಿಸಲು ಆಗದ ಅಧ್ಯಯನಗಳಿಗಾಗಿ ಅದೊಂದನ್ನು ಬಿಟ್ಟ ಪಿಎಚ್‌ಕ್ಯೂ-8 ಎಂಬ ರೂಪ ಬಹಳ ಹಿಂದೆಯೇ ಬಳಕೆಗೆ ಬಂದಿದೆ.